ಮಿಲ್ಟ್ರಿ ಗಡ್ಡೆಯ ಗುಣಿಗಳು

“ಹಾರೆ ಕೆಳಗಿಡ್ಲಾ!”

ಗುಡಿ ಕಮಿಟಿಯ ಯಜಮಾನ ದೂರದಿಂದಲೇ ಕೂಗಿದ. ಅಣ್ಣ ಸೊಂಟದ ಮಟ್ಟ ಗುಣಿಯೊಳಗಿದ್ದ. ಕೂಗಿಗೆ ಕಿವಿಗೊಡದೆ ಇನ್ನೊಂದು ಏಟು ಹಾಕಿದ. ನಾನು ಮೇಲೆ ನಿಂತು ಮಣ್ಣಿನ ಮಂಕರಿ ಎಳೆದುಕೊಳ್ಳುತ್ತಿದ್ದೆ. ಯಜಮಾನ ಪಂಚೆ ಎತ್ತಿ ಕಟ್ಟಿಕೊಂಡು, ಬಿರುಕು ಬಿಟ್ಟ ಕೆರೆ ಅಂಗಳ ದಾಟಿ, ಏದುಸಿರು ಬಿಡುತ್ತಾ ನಮ್ಮ ಮುಂದೆ ಬಂದು ನಿಂತ.

“ಇದು ದೇವ್ರ ಜಾಗ ಕಣ್ಲಾ.”

“ಯಾವಾಗಿಂದ ಯಜಮಾನ್ರೇ?” ಎಂದ ಅಣ್ಣ.

“ಮೊದ್ಲಿಂದಾನೂ.”

“ಮಿಲ್ಟ್ರಿಯೋರು ಇಲ್ಲಿ ಢಂ ಢಂ ಅಂತ ಗುಂಡು ಹೊಡೀವಾಗ ನಿಮ್ ದೇವ್ರು ಎಲ್ಲಿಗೋಗಿದ್ದ? ತಿಪಟೂರಿಗಾ?”

ನನಗೆ ನಗು ಬಂತು. ಯಜಮಾನನ ಮುಖ ಕೆಂಪಾಯಿತು. “ನಾಲಿಗೆ ಬಿಗಿ ಹಿಡ್ಕಳ್ಲಾ. ಕಾಯಿ ಸುಲಿಯೋನು ಕಾಯಿ ಸುಲ್ಕಂಡಿರು,” ಎಂದು ಹೇಳಿ ಹೋದ. ಹೋಗುವಾಗ ನಾವು ತೋಡಿಟ್ಟ ಮಣ್ಣನ್ನು ಕಾಲಿನಲ್ಲಿ ಒದ್ದು ಗುಣಿಯೊಳಕ್ಕೆ ಬೀಳಿಸಿದ. ಅಣ್ಣ ಅದನ್ನು ಮತ್ತೆ ತುಂಬಿ ಕೊಟ್ಟ. ನಾನು ಮತ್ತೆ ಎಳೆದು ಹಾಕಿದೆ.

ನಮ್ಮೂರು ತುರುವೇಕೆರೆ ಕಡೆಯದು. ಊರ ಮುಂದೆ ಕೆರೆ, ಕೆರೆಯ ನಡುವೆ ಒಂದು ಗಡ್ಡೆ. ಮಳೆಗಾಲದಲ್ಲಿ ಸುತ್ತ ನೀರು ನಿಂತಾಗ ತೆಪ್ಪದಲ್ಲಿ ಹೋಗಬೇಕು, ಬೇಸಿಗೆಯಲ್ಲಿ ನಡೆದೇ ಹೋಗಬಹುದು. ಹಿಂದೆ ಯಾವುದೋ ಯುದ್ಧದ ಕಾಲದಲ್ಲಿ ಮಿಲ್ಟ್ರಿಯವರು ಅದನ್ನು ಹಿಡಿದುಕೊಂಡು ಅಲ್ಲಿ ಗುಂಡು ಹೊಡೆಯುವುದನ್ನು ಕಲಿಯುತ್ತಿದ್ದರಂತೆ. ಆಮೇಲೂ ಬಹಳ ಕಾಲ ಬರುತ್ತಿದ್ದರು. ನನಗೆ ಬುದ್ಧಿ ಬರುವ ಹೊತ್ತಿಗೆ ಬರುವುದನ್ನು ನಿಲ್ಲಿಸಿದ್ದರು. ತಂತಿ ಬೇಲಿ ಮತ್ತು ಒಂದು ತಗಡಿನ ಶೆಡ್ಡು ಉಳಿದಿದ್ದವು. ನಾವು ಹುಡುಗರು ಬೇಲಿ ನುಸುಳಿ ಹೋಗಿ ಹಿತ್ತಾಳೆಯ ಖಾಲಿ ಕೊಳವೆಗಳನ್ನು ಆಯ್ದುಕೊಂಡು ಬಂದು ಹಳೇ ಕಬ್ಬಿಣದವನಿಗೆ ಕೊಟ್ಟು ಐಸ್‌ಕ್ಯಾಂಡಿ ತಿನ್ನುತ್ತಿದ್ದೆವು. ತೊಂಬತ್ತರ ದಶಕದ ಕೊನೆಯ ಒಂದು ವರ್ಷ, ಮಿಲ್ಟ್ರಿಯವರು ಗಡ್ಡೆಯನ್ನು ಸರ್ಕಾರಕ್ಕೆ ವಾಪಸ್ ಬಿಟ್ಟುಕೊಟ್ಟರಂತೆ ಎಂಬ ಸುದ್ದಿ ಬಂತು. ವಾರ ಕಳೆಯುವುದರೊಳಗೆ ಬೇಲಿ ಮಾಯ. ಆ ತಂತಿಯ ಮೇಲೆ ಊರಿನ ಹೆಂಗಸರು ಇವತ್ತಿಗೂ ಬಟ್ಟೆ ಒಣಹಾಕುತ್ತಾರೆ.

ಬೇಲಿ ಹೋದ ಮೇಲೆ ಗಡ್ಡೆ ಯಾರದು ಎಂಬ ಮಾತು ಶುರುವಾಯಿತು. ಮಿಲ್ಟ್ರಿಯವರು ಗುರಿ ಇಡುವುದಕ್ಕೆ ನಿಲ್ಲಿಸಿದ್ದ ಒಂದು ಕಲ್ಲಿತ್ತು, ಮೈತುಂಬ ಗುಂಡಿನ ತೂತು. ಗುಡಿ ಕಮಿಟಿಯವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಇಲ್ಲಿ ದೇವಸ್ಥಾನ ಆಗಬೇಕು ಎಂದರು. ತಿಪಟೂರಿನಿಂದ ಒಬ್ಬ ಕಂಟ್ರಾಕ್ಟರು ಮೋಟಾರ್ ಸೈಕಲ್ಲಿನಲ್ಲಿ ಬಂದು, ಕೆರೆಯಲ್ಲಿ ಬೋಟು ಬಿಡುತ್ತೇನೆ, ಗಡ್ಡೆಯಲ್ಲಿ ಪಾರ್ಕು ಮಾಡುತ್ತೇನೆ ಎಂದು ಪಂಚಾಯ್ತಿಯವರಿಗೆ ಕಾಫಿ ಕುಡಿಸಿದ. ಅವನಿಗೆ ನಾವು ಬೋಟಿನವನು ಎಂದೇ ಹೆಸರಿಟ್ಟೆವು. ನಮ್ಮ ಕೇರಿಯ ಭೂಮಿ ಇಲ್ಲದ ಮನೆಗಳವರು, ಇದನ್ನು ನಮಗೆ ಹಂಚಿಕೊಡಿ ಎಂದೆವು. ನಾಲ್ಕನೆಯದಾಗಿ ಕುರಿಯವರು. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದಿಂದ ಒಬ್ಬ ಕುರಿ ಯಜಮಾನ ಪ್ರತಿ ಬೇಸಿಗೆಗೂ ಮಂದೆ ಹೊಡೆದುಕೊಂಡು ಬಂದು, ಬೇಲಿ ಬಿದ್ದ ಕಡೆಯಿಂದ ನುಗ್ಗಿಸಿ ಗಡ್ಡೆಯಲ್ಲಿ ಮೇಯಿಸುತ್ತಿದ್ದ. ಸುತ್ತಲ ಹುಲ್ಲು ಒಣಗಿದರೂ ಗಡ್ಡೆಯ ಬುಡದಲ್ಲಿ ಹಸಿ ಇರುತ್ತಿತ್ತು. ಅವನು ನಮ್ಮ ಜನವೇ. ಅವನನ್ನು ನಾವು ಮಾವ ಎಂದು ಕರೆಯುತ್ತಿದ್ದೆವು.

ಬೇರೆ ಕಡೆ ಜಾಗ ಹಿಡಿಯುವುದಕ್ಕೆ ಏನು ಮಾಡುತ್ತಾರೋ ಗೊತ್ತಿಲ್ಲ. ನಮ್ಮ ಕಡೆ ತೆಂಗಿನ ಗಿಡ ನೆಡುತ್ತಾರೆ. ಗಿಡ ಒಂದು ಸಲ ಬೇರು ಬಿಟ್ಟರೆ ಅದನ್ನು ಕೀಳಿಸುವುದಕ್ಕೆ ಯಾವ ಅಧಿಕಾರಿಗೂ ಕೈ ಬರುವುದಿಲ್ಲ, ಊರವರೂ ಬಿಡುವುದಿಲ್ಲ. ಅದಕ್ಕೇ ಎಲ್ಲರೂ ಗುಣಿ ತೋಡಿದರು. ನಾವು ತೋಡಿದೆವು. ಕಮಿಟಿಯವರು ಕಲ್ಲಿನ ಸುತ್ತ ತೋಡಿದರು. ಬೋಟಿನವನೂ ಆಳು ಬಿಟ್ಟು ಒಂದು ಸಾಲು ತೋಡಿಸಿದ.

“ಬೋಟಿಗ್ಯಾಕಣ್ಣ ತೆಂಗಿನ ಗಿಡ?” ಎಂದು ಅಣ್ಣ ಕೇಳಿದ್ದಕ್ಕೆ, “ಎಲ್ರೂ ತೋಡ್ತಾವ್ರಲ್ಲಯ್ಯ, ನಾನೊಬ್ನೇ ಸುಮ್ನಿದ್ರೆ ನಂಗೆ ಜಾಗ ಬ್ಯಾಡ ಅಂದಂಗಾಗಲ್ವಾ?” ಎಂದ.

ಗಡ್ಡೆ ಸಿಡುಬು ಎದ್ದು ಹೋದ ಮುಖದ ಹಾಗೆ ಕಾಣುತ್ತಿತ್ತು.

ಇದರಲ್ಲಿ ಎಲ್ಲರಿಗಿಂತ ಅವಸರ ಇದ್ದದ್ದು ಅಣ್ಣನಿಗೆ. ಅವನು ಊರೂರು ತಿರುಗಿ ಕಾಯಿ ಸುಲಿಯುತ್ತಿದ್ದ. ಕೊಬ್ಬರಿಗೆ ಅಟ್ಟದ ಮೇಲೆ ಹಾಕಿದ ಕಾಯಿ ಒಳಗೆ ನೀರು ಇಂಗಿ ಲೊಡಲೊಡ ಅನ್ನುವುದಕ್ಕೆ ವರ್ಷವೇ ಬೇಕು. ಆ ಕಾಯಿಯನ್ನು ಇಳಿಸಿ, ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕುಕ್ಕಿ ಮಟ್ಟೆ ಬಿಡಿಸುವುದು ಅವನ ಕೆಲಸ. ಅವನ ಅಂಗೈ ಎಮ್ಮೆಯ ಚರ್ಮದಂತಿತ್ತು. ಜಿಲ್ಲೆಯಲ್ಲಿ ಅವನು ಸುಲಿಯದ ತೋಟ ಕಡಿಮೆ. ನಮ್ಮದು ಅಂತ ಒಂದು ಮರ ಇರಲಿಲ್ಲ.

ಕುರಿ ಮಾವನಿಗೆ ಒಬ್ಬಳು ಮಗಳಿದ್ದಳು. ಬೇಸಿಗೆಯಲ್ಲಿ ಅವಳೂ ಮಂದೆಯ ಜೊತೆ ಬರುತ್ತಿದ್ದಳು. ಬಿಸಿಲಿನಲ್ಲೇ ಬೆಳೆದವಳು. ಮಾತು ಚುರುಕು. ಅಣ್ಣ ಕೆಲಸ ಇಲ್ಲದ ದಿನ ಗಡ್ಡೆಗೆ ಹೋಗಿ ಕೂರುವುದನ್ನು ಕಲಿತ. ಒಂದು ದಿನ ನಾನೂ ಜೊತೆಗಿದ್ದೆ. ಅವಳು ಕೇಳಿದಳು:

“ನಿಂಗೆ ಮರ ಹತ್ತಾಕೆ ಬತ್ತದಾ, ಇಲ್ಲ ಬರೀ ಕೆಳಗೆ ಕುಂತು ಸುಲಿಯಾದೇನಾ?”

“ಹತ್ತತೀನಿ. ಯಾಕೆ?”

“ಯಾಕಿಲ್ಲ, ಕೇಳ್ದೆ. ನಮ್ ಕಡೆ ಜಾಲಿ ಬುಟ್ರೆ ಬೇರೆ ನೆಳ್ಳೇ ಇಲ್ಲ. ಅದೂ ಮುಳ್ಳು.”

ಅಷ್ಟು ಮಾತಿಗೆ ಅಣ್ಣ ಎರಡು ದಿನ ಒಬ್ಬೊಬ್ಬನೇ ನಗುತ್ತಿದ್ದ. ಅವ್ವನಿಗೆ ಗೊತ್ತಾಯಿತು. ಅಪ್ಪ ಇಲ್ಲದ ಮನೆ ನಮ್ಮದು, ಹೆಣ್ಣು ಕೇಳುವುದಕ್ಕೆ ಅವ್ವನೇ ಹೋದಳು. ಮಾವ ಕಂಬಳಿ ಹಾಸಿ ಕೂರಿಸಿ, ಮಜ್ಜಿಗೆ ಕೊಟ್ಟು, ನಮ್ಮ ಕಡೆ ಎಲ್ಲರೂ ಕೇಳುವುದನ್ನೇ ಕೇಳಿದ.

“ಎಷ್ಟು ಮರ ಐತವ್ವ?”

ಅವ್ವ ತಲೆ ತಗ್ಗಿಸಿದಳು.

“ಬೇಜಾರು ಮಾಡ್ಕಬೇಡ. ನಾನು ಕುರಿ ಹಿಂದೆ ತಿರುಗಿ ತಿರುಗಿ ಸಾಕಾದೋನು. ನನ್ ಮಗ್ಳು ಒಂದು ಕಡೆ ನಿಲ್ಬೇಕು. ನಿನ್ ಮಗ ಒಳ್ಳೇವ್ನೇ. ಆದ್ರೆ ಒಂದೂ ಮರ ಇಲ್ದಿರೋ ಮನೇಗೆ ಹೆಂಗೆ ಕೊಡ್ಲಿ ಹೇಳು? ಗಿಡ ಆದ್ರೂ ನಿಂತಿರ್ಲಿ. ಕಣ್ಣಲ್ಲಿ ನೋಡ್ತೀನಿ, ಆಮೇಲೆ ಮಾತಾಡಾನ.”

ಬೇಲಿ ಹೋಗುವುದಕ್ಕೂ ಈ ಮಾತಿಗೂ ಸರಿಹೋಯಿತು. ಅಣ್ಣ ಮಾರನೆಯ ದಿನವೇ ಹಾರೆ ಹೊತ್ತುಕೊಂಡು ಗಡ್ಡೆಗೆ ಹೋದ. ಮಾವನಿಗೂ ಇದು ಸುಲಭ ಇರಲಿಲ್ಲ. ಗುಣಿ ಜಾಸ್ತಿಯಾದಷ್ಟೂ ಅವನ ಹುಲ್ಲು ಕಡಿಮೆಯಾಯಿತು. ಒಂದು ಕುರಿ ಬೋಟಿನವನ ಗುಣಿಗೆ ಬಿದ್ದು ಕಾಲು ಮುರಿದುಕೊಂಡಿತು. ಬೋಟಿನವನನ್ನೂ ಕಮಿಟಿಯವರನ್ನೂ ಬಾಯಿಗೆ ಬಂದ ಹಾಗೆ ಬೈದ ಮಾವ ನಮ್ಮ ಗುಣಿಯ ಹತ್ತಿರ ಬಂದು ನಿಂತ.

“ನಿಂಗೂ ಬೈಬೇಕು ನಾನು,” ಎಂದ ಅಣ್ಣನಿಗೆ.

“ಬೈಯಿ ಮಾವ.”

“ಏನಂತ ಬೈಲಿ? ತೋಡು ಅಂದೋನೂ ನಾನೇ. ಇನ್ನೊಂಚೂರು ಆಳ ತೆಗಿ. ಮ್ಯಾಲೆ ಮ್ಯಾಲೆ ನೆಟ್ರೆ ಗಾಳಿಗೆ ಬಿದ್ದೋಯ್ತದೆ.”

ಮುಂದಿನ ಬೇಸಿಗೆಗೆ ಮಂದೆಯನ್ನು ಎಲ್ಲಿಗೆ ಹೊಡೆದುಕೊಂಡು ಹೋಗುತ್ತೀಯ ಎಂದು ನಾನು ಕೇಳಿದೆ. ಅವನು ಕುರಿಗಳ ಕಡೆ ತಿರುಗಿ ಕೋಲು ಬೀಸಿದ.

ಜಗಳ ಜೋರಾಗಿ ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದ. ಕೆರೆ ಏರಿಯ ಮೇಲೆ ನಿಂತು ಎಲ್ಲರ ಮಾತನ್ನೂ ಕೇಳಿದ. ಎಲ್ಲರೂ ಒಟ್ಟಿಗೆ ಮಾತಾಡಿದ್ದರಿಂದ ಅವನಿಗೆ ಏನೂ ಕೇಳಿಸಿರಲಿಕ್ಕಿಲ್ಲ. ಕೊನೆಗೆ, “ತೀರ್ಮಾನ ಆಗೋವರೆಗೂ ಯಾರೂ ಅಲ್ಲಿಗೆ ಹೋಗ್ಬೇಡಿ. ಅದು ಮಿಲ್ಟ್ರಿ ಜಾಗ ಆಗಿತ್ತು. ಅಪಾಯ ಇರತ್ತೆ,” ಎಂದು ಹೇಳಿ ಜೀಪು ಹತ್ತಿದ. ಜೀಪು ತಿರುಗುವ ಮೊದಲೇ ಏರಿಯ ಮೇಲೆ ನಮ್ಮ ಕೇರಿಯವರಲ್ಲಿ ಮಾತು ಹುಟ್ಟಿತು.

“ನೋಡಿದ್ಯೇನ್ಲಾ, ಬೋಟಿನೋನಿಗೆ ಮಾಡ್ಕೊಡಾಕೆ ಹೊಂಟವ್ರೆ. ಅದುಕ್ಕೇ ನಮ್ಮುನ್ನ ಹೋಗ್ಬ್ಯಾಡಿ ಅಂತಾರೆ.”

ಬೋಟಿನವನು ಗುಡಿಯವರಿಗೆ ಕೊಡುತ್ತಾರೆ ಎಂದುಕೊಂಡ. ಗುಡಿಯವರು ನಮಗೆ ಕೊಡುತ್ತಾರೆ ಎಂದುಕೊಂಡರು. ಅಧಿಕಾರಿ ನಿಜವಾಗಿಯೂ ಅಪಾಯದ ಮಾತು ಹೇಳಿರಬಹುದು ಎಂದು ಒಬ್ಬನಿಗೂ ಹೊಳೆಯಲಿಲ್ಲ. ಅಷ್ಟು ವರ್ಷ ಹುಡುಗರು ಆಡಿದ ಜಾಗ, ಕುರಿ ಮೇಯ್ದ ಜಾಗ. ಮೇಲೆ ಬಿದ್ದಿದ್ದನ್ನೆಲ್ಲ ಆಯ್ದಾಗಿತ್ತು. ನೆಲದ ಒಳಗಿನದನ್ನು ಯಾರು ಯೋಚಿಸುತ್ತಾರೆ. ಹೋಗಬೇಡಿ ಎಂದ ಮೇಲೆ ಎಲ್ಲರೂ ಇನ್ನೂ ಬೇಗ ಬೇಗ ತೋಡಿದರು. ಮುಂಗಾರು ಬೀಳುವುದರೊಳಗೆ ಗಿಡ ನೆಲದಲ್ಲಿರಬೇಕು ಎಂಬುದೇ ಅಣ್ಣನ ಬಾಯಲ್ಲಿ.

ತೋಡಿದ ಗುಣಿಯಲ್ಲಿ ಸುಮ್ಮನೆ ಗಿಡ ಇಡುವುದಿಲ್ಲ. ಬಿಸಿಲಿಗೆ ಬಿಟ್ಟು, ಆಮೇಲೆ ಒಣಗಿದ ಗರಿ, ಗರಿಯ ಬುಡದ ಎಡೆಮಟ್ಟೆ ತುಂಬಿ ಬೆಂಕಿ ಹಾಕಬೇಕು. ಗೆದ್ದಲು ಸಾಯುತ್ತದೆ. ಬೂದಿಯ ಮೇಲೆ ಉಪ್ಪು ಚೆಲ್ಲಿ, ಗೊಬ್ಬರ ಹಾಕಿ, ಮಳೆ ಬಿದ್ದ ಮೇಲೆ ಗಿಡ. ಹಿಂದಿನಿಂದಲೂ ಹೀಗೇ. ಅವ್ವ ಹುಡುಗಿಯಾಗಿದ್ದಾಗಿನಿಂದ ಬೇರೆಯವರ ತೋಟದಲ್ಲಿ ಈ ಬೆಂಕಿ ಹಾಕಿದವಳು. ಎಷ್ಟು ಗುಣಿಗೆ ಹಾಕಿದ್ದಾಳೋ ಲೆಕ್ಕವಿಲ್ಲ. ಅಲ್ಲೆಲ್ಲ ಬೆಂಕಿಕಡ್ಡಿ ಗೀರಿ ಹಚ್ಚುತ್ತಿದ್ದಳು. ನಮ್ಮ ಗುಣಿಗೆ ಮಾತ್ರ ಮನೆಯ ಒಲೆಯ ಕೆಂಡವೇ ಆಗಬೇಕು ಎಂದಳು.

“ಬೆಂಕಿಪೊಟ್ಟಣ ಐತಲ್ಲವ್ವ ಜೇಬಲ್ಲಿ,” ಎಂದ ಅಣ್ಣ.

“ಅದು ಬೀಡಿ ಹಚ್ಚಾಕೆ ಇಟ್ಕ. ಇದು ನಮ್ ತೋಟ.”

ಒಡೆದ ಮಡಕೆಯ ತಳದಲ್ಲಿ ಬೂದಿ ಹರಡಿ, ಕೆಂಡ ಇಟ್ಟುಕೊಂಡು, ತಲೆಗೆ ಸಿಂಬಿ ಸುತ್ತಿ ಹೊತ್ತುಕೊಂಡಳು. ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸರು ರೇಗಿಸಿದರು.

“ಏನಕ್ಕಯ್ಯೋ, ತೋಟದ ಯಜಮಾನ್ತಿ ಆಗ್ಬುಟ್ಟೆ! ನಾಳೆಯಿಂದ ನಮ್ಮುನ್ನ ಮಾತಾಡ್ಸ್ತೀಯೋ ಇಲ್ವೋ?”

“ಕೂಲಿಗೆ ಕರೀತೀನಿ ಬರ್ರೇ,” ಎಂದಳು ಅವ್ವ.

ಅವ್ವ ಹಾಗೆ ತಿರುಗಿ ತಮಾಷೆ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ.

ಬೆಳಗಿನ ಹೊತ್ತು, ಗಾಳಿ ಇರಲಿಲ್ಲ. ಅವ್ವ ಒಂದೊಂದು ಗುಣಿಗೂ ಕೈ ಮುಗಿದು ಒಂದೊಂದು ಕೆಂಡ ಹಾಕಿಕೊಂಡು ಹೋದಳು. ಗರಿ ಪಟಪಟ ಉರಿಯಿತು. ಸ್ವಲ್ಪ ದೂರದಲ್ಲಿ ಮಾವ ಕುರಿಗಳನ್ನು ಹೊಗೆಯಿಂದ ಆಚೆ ಹೊಡೆಯುತ್ತಿದ್ದ. ಉಪ್ಪಿನ ಚೀಲ ಏರಿಯ ಕೆಳಗಿತ್ತು, ತಾ ಎಂದು ಅಣ್ಣ ನನ್ನನ್ನು ಕಳಿಸಿದ. ನಾನು ಚೀಲ ಹೆಗಲಿಗೆ ಹಾಕಿಕೊಂಡು ತಿರುಗಿದಾಗ ಅವನು ಕೊನೆಯ ಗುಣಿಯ ಮೇಲೆ ಬಗ್ಗಿ, ಉರಿ ಹಿಡಿಯದ ಎಡೆಮಟ್ಟೆಯನ್ನು ಕೋಲಿನಲ್ಲಿ ತಿರುವಿ ಹಾಕುತ್ತಿದ್ದ.

ಗುಣಿಯೊಳಗಿಂದ ಮಣ್ಣು ಮೇಲೆದ್ದಿತು. ಆಮೇಲೆ ಸದ್ದು ಬಂತು. ಕಲ್ಲು ಕ್ವಾರಿಯಲ್ಲಿ ಸಿಡಿಸುವ ಸದ್ದಿನಂತೆಯೇ ಇತ್ತು. ಒಂದು ಗಳಿಗೆ ನಾನು ಕ್ವಾರಿ ಕಡೆಗೆ ತಿರುಗಿ ನೋಡಿದೆ.

ಅಲ್ಲಿ ಏನು ಕಂಡೆ ಅಂತ ಬರೆಯುವುದಿಲ್ಲ. ಮಾವ ನನಗಿಂತ ಮೊದಲು ಓಡಿ ಬಂದಿದ್ದ. ಹೆಗಲ ಮೇಲಿನ ಕಂಬಳಿ ತೆಗೆದು ಹಾಸಿದ. ಅದರಲ್ಲಿ ಅಣ್ಣನನ್ನು ಇಟ್ಟುಕೊಂಡು ಒಣಗಿದ ಕೆರೆ ಅಂಗಳದಲ್ಲಿ ಓಡಿದೆವು. ಅವ್ವನಿಗೆ ಗಾಯ ಆಗಿರಲಿಲ್ಲ. ಕಿವಿ ಮುಚ್ಚಿಹೋಗಿತ್ತು. ಕೆಂಡದ ಮಡಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಹಿಂದೆ ಬಂದಳು. ಅದನ್ನು ಕೆಳಗಿಡು ಎಂದು ನಾನು ಕಿರುಚಿದ್ದು ಅವಳಿಗೆ ಕೇಳಿಸಲಿಲ್ಲ.

ರಸ್ತೆಯಲ್ಲಿ ತುರುವೇಕೆರೆಯ ಸಾಬರೊಬ್ಬರು, ಮೆಕ್ಯಾನಿಕ್ಕು, ರಿಪೇರಿ ಮಾಡಿದ ಟೆಂಪೋವನ್ನು ಓಡಿಸಿ ನೋಡುತ್ತಿದ್ದರು. ನಮ್ಮನ್ನು ನೋಡಿದ್ದೇ ಗಾಡಿ ನಿಲ್ಲಿಸಿದರು. ಹಿಂದಿನ ಹಲಗೆ ಬಿಚ್ಚಿ, “ಬೇಗ ಮಲಗಿಸ್ರಪ್ಪ,” ಎಂದರು. ತಿಪಟೂರಿನ ದಾರಿಯಲ್ಲಿ ಮುಂದಿನಿಂದ ಕೂಗುತ್ತಲೇ ಇದ್ದರು. “ಮಾತಾಡಿಸ್ತಾ ಇರಪ್ಪ, ನಿದ್ದೆ ಮಾಡಕ್ಕೆ ಬಿಡಬ್ಯಾಡ. ಏನಾದ್ರೂ ಮಾತಾಡ್ಸು.”

ಅಣ್ಣನೇ ಕೇಳಿದ.

“ಅವ್ವುಂಗೆ ಏನಾರ ಆಯ್ತೇನ್ಲಾ?”

“ಇಲ್ಲ ಕಣಣ್ಣ. ಏನೂ ಆಗಿಲ್ಲ.”

“ಹೂಂ,” ಎಂದ. ತಿಪಟೂರು ಸಿಗುವ ಮೊದಲೇ ಹೋದ.

ಹೆಣವನ್ನು ಊರಿಗೆ ತಂದಾಗ ನಮ್ಮ ಮನೆಯ ಮುಂದೆ ಊರೇ ಇತ್ತು. ಅಲ್ಲೇ, ಹೆಣ ಇನ್ನೂ ಮುಂದಿರುವಾಗಲೇ, ಗಡ್ಡೆಯ ಮಾತು ಮತ್ತೆ ಶುರುವಾಯಿತು. ನಮ್ಮ ಕೇರಿಯವನೇ ಒಬ್ಬ ನನ್ನನ್ನು ಪಕ್ಕಕ್ಕೆ ಕರೆದ.

“ಗಡ್ಡೆ ಮ್ಯಾಲೇ ಮಣ್ಣು ಮಾಡಾನ ಕಣ್ಲಾ. ಸಮಾಧಿ ಒಂದು ಎದ್ರೆ ಯಾವನೂ ನಮ್ಮುನ್ನ ಅಲ್ಲಿಂದ ಎಬ್ಸಾಕಾಗಲ್ಲ.”

ಅದು ಕಮಿಟಿ ಯಜಮಾನನ ಕಿವಿಗೆ ಬಿತ್ತು. “ದೇವ್ರ ಜಾಗ್ದಲ್ಲಿ ಹೆಣ ಇಡ್ತೀರಾ? ಆಗಿದ್ದೇ ಸಾಲ್ದಾ?” ಎಂದು ಎಗರಾಡಿದ. ದೇವರ ಕೋಪವೇ ಸಿಡಿದದ್ದು ಎಂದು ಆ ಹೊತ್ತಿಗಾಗಲೇ ನಾಲ್ಕು ಜನರ ಹತ್ತಿರ ಹೇಳಿಕೊಂಡು ಬಂದಿದ್ದ. ಬೋಟಿನವನು ಹಾರ ತಂದಿದ್ದ. ಪಾರ್ಕಾದರೆ ಅದಕ್ಕೆ ನಿನ್ನ ಮಗನ ಹೆಸರೇ ಇಡಿಸುತ್ತೇನೆ, ಒಂದು ಫೋಟೋ ಕೊಡವ್ವ, ಮಂತ್ರಿಗಳಿಗೆ ತೋರಿಸಬೇಕು ಎಂದ. ಅವನು ಕೆಟ್ಟವನೇನಲ್ಲ. ಕಣ್ಣಲ್ಲಿ ನೀರಿತ್ತು. ಆದರೂ ಫೋಟೋ ಕೇಳಿದ.

ಅವ್ವನಿಗೆ ಅರ್ಧಂಬರ್ಧ ಕೇಳಿಸುತ್ತಿತ್ತು. ಯಾರು ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದಳು. ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು, ಗಡ್ಡೆಯಲ್ಲಿ ಮಣ್ಣು ಮಾಡಬೇಕು ಅಂತ ಕೆಲವರು, ಬೇಡ ಅಂತ ಕೆಲವರು ಎಂದು ಹೇಳಿದೆ. ಅವಳು ಎದ್ದು ನಿಂತಳು.

“ನನ್ ಮಗನ್ನ ಗಿಡ ನೆಟ್ಟಂಗೆ ನೆಡಬ್ಯಾಡ್ರಪ್ಪ,” ಎಂದಳು.

ಕಿವಿ ಕೇಳದವರ ಹಾಗೆ ಬಹಳ ಗಟ್ಟಿಯಾಗಿ ಹೇಳಿದಳು. ಊರಿನ ಎಲ್ಲರನ್ನೂ ಮಾಡುವ ಕಡೆಯೇ ಮಣ್ಣು ಮಾಡಿದೆವು.

ತಿಥಿ ಆದ ಮೇಲೆ ಮಾವ ಬಂದ. ಒಬ್ಬನೇ ಬಂದ. ಒಳಗೆ ಬರಲಿಲ್ಲ, ಜಗುಲಿಯ ಅಂಚಿನಲ್ಲಿ ಕೂತ. ಅವ್ವ ಬಾಗಿಲಿಗೆ ಒರಗಿ ಕೂತಿದ್ದಳು. ಅವನೇ ಮಾತು ತೆಗೆದ.

“ನಾನು ಮರ ಕೇಳ್ಬಾರ್ದಾಗಿತ್ತು ಕಣವ್ವ.”

ಅವ್ವನಿಗೆ ಕೇಳಿಸಲಿಲ್ಲ. ಅವನು ಇನ್ನೊಂದು ಸಲ ಹೇಳಬೇಕಾಯಿತು.

“ನೀನು ಕೇಳಿದ್ದು ತಪ್ಪಲ್ಲ,” ಎಂದಳು ಅವ್ವ. “ಹೆಣ್ಣು ಹೆತ್ತೋರು ಕೇಳ್ತಾರೆ. ಕೆಂಡ ಹಾಕ್ದೋಳು ನಾನು.”

“ಆಳ ತೆಗಿ ಅಂದೋನು ನಾನು.”

“ಅವ್ನು ಬೆಂಕಿಪೊಟ್ಟಣ ಐತೆ ಅಂದ. ನಾನು ಕೇಳ್ಲಿಲ್ಲ.”

ಬೆಂಕಿಪೊಟ್ಟಣದಲ್ಲಿ ಹಚ್ಚಿದ್ದರೂ ಅಷ್ಟೇ ಆಗುತ್ತಿತ್ತು. ನಾನು ಅದನ್ನು ಹೇಳಿದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವವರ ಹಾಗೆ, ತಪ್ಪು ನನ್ನದು ನನ್ನದು ಎಂದು ಇಬ್ಬರೂ ಹಿಡಿದುಕೊಂಡು ಕೂತರು. ಒಬ್ಬರಿಗೊಬ್ಬರು ಬಿಟ್ಟುಕೊಡಲಿಲ್ಲ. ನನಗೆ ತಡೆಯಲಾಗದೆ ಎದ್ದು ಹಿತ್ತಲಿಗೆ ಹೋದೆ. ವಾಪಸ್ ಬಂದಾಗ ಮಾವ ಹೊರಟಿದ್ದ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ.

“ಉಣ್ತಾ ಇಲ್ಲ,” ಎಂದು ಹೇಳಿ ನಡೆದ.

ಆಮೇಲೆ ಮಿಲ್ಟ್ರಿಯವರು ಮತ್ತೆ ಬಂದರು. ಬಿಳಿ ಪಟ್ಟಿ ಕಟ್ಟಿ, ಕೈಯಲ್ಲಿ ಯಂತ್ರ ಹಿಡಿದು ಗಡ್ಡೆಯನ್ನೆಲ್ಲ ನಿಧಾನಕ್ಕೆ ತಡಕಿದರು. ಹಿಂದೆ ಸಿಡಿಯದೆ ಮಣ್ಣಲ್ಲಿ ಹೂತುಹೋಗಿದ್ದ ಬಾಂಬುಗಳಲ್ಲಿ ಸಿಕ್ಕಿದ್ದನ್ನು ಅಲ್ಲಲ್ಲೇ ಸಿಡಿಸಿದರು. ಕಮಿಟಿಯವರ ಕಲ್ಲಿನ ಹತ್ತಿರವೂ ಸಿಕ್ಕಿತು, ಬೋಟಿನವನ ಸಾಲಿನ ಪಕ್ಕದಲ್ಲೂ ಸಿಕ್ಕಿತು. ಪ್ರತಿ ಸಲ ಸಿಡಿಸುವ ಮೊದಲು ಊರಲ್ಲಿ ಸೀಟಿ ಊದಿಸುತ್ತಿದ್ದರು. ಸೀಟಿ ಕೇಳಿದ ತಕ್ಷಣ ನಾನು ಮನೆಗೆ ಓಡಿ ಹೋಗಿ ಅವ್ವನ ಪಕ್ಕ ಕೂರುತ್ತಿದ್ದೆ. ಅಷ್ಟು ಹೊತ್ತಿಗೆ ಅವಳಿಗೆ ಒಂದು ಕಿವಿ ಮತ್ತೆ ಕೇಳಿಸತೊಡಗಿತ್ತು. ಕೇಳಿಸದೇ ಇದ್ದಿದ್ದರೆ ಚೆನ್ನಾಗಿತ್ತು.

ಕೆಲಸ ಮುಗಿಸಿ ಗುಣಿಗಳನ್ನೆಲ್ಲ ಮುಚ್ಚಿ, ಮೊದಲಿಗಿಂತ ಎತ್ತರದ ಬೇಲಿ ಹಾಕಿ ಹೋದರು. ಗುಡಿ ಆಗಲಿಲ್ಲ, ಪಾರ್ಕು ಆಗಲಿಲ್ಲ, ನಮಗೂ ಹಂಚಲಿಲ್ಲ. ಬೋಟಿನವನು ಬರುವುದನ್ನು ನಿಲ್ಲಿಸಿದ. ಕಮಿಟಿಯವರು ಹಬ್ಬದ ದಿನ ಏರಿಯ ಮೇಲೆ ನಿಂತು ಕಲ್ಲಿನ ಕಡೆಗೆ ಮಂಗಳಾರತಿ ಎತ್ತುತ್ತಾರೆ. ಕುರಿಗಳೂ ಬರುವುದಿಲ್ಲ.

ಅವ್ವ ತೋಟದ ಕೂಲಿಗೆ ಹೋಗುತ್ತಾಳೆ. ಕಾಯಿ ಹೊರುತ್ತಾಳೆ, ಕಳೆ ಕೀಳುತ್ತಾಳೆ. ಗುಣಿ ಸುಡುವ ಕೆಲಸ ಬಂದರೆ ಹೊರಟು ಬರುತ್ತಾಳೆ. ಯಾರೂ ಕಾರಣ ಕೇಳುವುದಿಲ್ಲ.

ವರ್ಷದ ಮೇಲಾಗಿತ್ತು. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ ಮಾವ ಸಿಕ್ಕಿದ. ಸಣಕಲಾಗಿದ್ದ. ಟೀ ಕುಡಿಸಿದೆ. ಮಗಳ ಮದುವೆ ಆಯಿತು ಎಂದ. ನಿಮ್ಮನ್ನು ಕರೆಯಲಿಲ್ಲ, ಹೇಗೆ ಕರೆಯಲಿ ಎಂದ.

“ಒಳ್ಳೇದಾಯ್ತು ಬುಡು ಮಾವ. ಎಲ್ಲಿಗೆ ಕೊಟ್ಟೆ?”

“ಹುಳಿಯಾರು ಕಡೆ. ಹುಡುಗ ಗಾರೆ ಕೆಲಸ ಮಾಡ್ತಾನೆ.”

ಟೀ ಮುಗಿಸಿ ಲೋಟ ಕೆಳಗಿಟ್ಟ.

“ಮರ ಐತಾ ಅಂತ ಕೇಳ್ಲಿಲ್ಲ ಕಣಪ್ಪ,” ಎಂದ.

ಅವನ ಬಸ್ಸು ಬಂತು, ಹತ್ತಿ ಹೋದ. ಇಷ್ಟೇ. ಇದರ ಮೇಲೆ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.